ಗೆಳತಿ ಮಾಡಿದ ಗಂಜಿ ನಮ್ಮನೇಲಿ ಯಾಕೆ ಹಾಗಾಗಲ್ಲ?

ಈ ಸಲ ಬಂದಿರೋ ಪತ್ರ, ಮೆಸೇಜುಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು, ಸ್ನೇಹಿತರು ಒಬ್ಬರಿಗೊಬ್ಬರು ಹೇಳಿಕೊಡೋ ಮನೆ ಅಡುಗೆ. ದೊಡ್ಡ ಊಟದ ಅಡುಗೆ ಅಲ್ಲ, ಸುಸ್ತಾಗಿ ಬಂದ ದಿನ, ಜ್ವರ ಬಂದಾಗ, ಮನಸ್ಸು ಸರಿ ಇಲ್ದೇ ಇದ್ದಾಗ ಒಂದು ಬಟ್ಟಲಿಗೆ ಹಾಕ್ಕೊಂಡು ಬಿಸಿಬಿಸಿ ತಿನ್ನೋವಂಥದ್ದು. ನನಗೆ ತುಂಬಾ ಹತ್ತಿರದ ವಿಷಯ ಇದು, ಹಾಗಾಗಿ ಕೆಲವು ಉತ್ತರ ಉದ್ದ ಆಗಿವೆ, ಪುರುಸೊತ್ತಲ್ಲಿ ಓದ್ಕೊಳ್ಳಿ.

ಪ್ರಶ್ನೆ: ಅಕ್ಕಾ, ನನ್ನ ಫ್ರೆಂಡ್ ಅಕ್ಕಿ ಹೆಸರುಬೇಳೆ ಹಾಕಿ ಒಂದು ಮೆತ್ತನೆ ಗಂಜಿ ಮಾಡ್ತಾಳೆ, ಅದನ್ನ ತಿಂದ್ರೆ ಅರ್ಧ ಟೆನ್ಶನ್ ಹೋಗತ್ತೆ. ರೆಸಿಪಿ ಕೇಳಿದೆ, ನೀಟಾಗಿ ಬರೆದು ಕಳಿಸಿದ್ಲು, ಅದೇ ಅಳತೆ ಹಾಕಿ ಮಾಡಿದ್ರೂ ನಂದು ಆರಿದ ಮೇಲೆ ಕಲ್ಲಿನ ಥರ ಗಟ್ಟಿ ಆಗತ್ತೆ, ರುಚಿನೂ ಅವಳದ್ದರ ಹಾಗಿಲ್ಲ. ಅವಳು ಏನಾದ್ರೂ ಬಿಟ್ಟು ಹೇಳಿದ್ದಾಳಾ?

ಉತ್ತರ: ಬೇಕು ಅಂತ ಬಿಟ್ಟಿರಲ್ಲ ಕಣಮ್ಮ. ದಿನಾ ಮಾಡೋ ಅಡುಗೇಲಿ ಕೈ ತಾನಾಗೇ ಮಾಡೋ ಕೆಲಸ ಬರೆಯೋವಾಗ ನೆನಪಿಗೇ ಬರಲ್ಲ. ಬೇಳೆ ಹುರಿದೆ ಅಂತ ಬರೀತಾರೆ, ಎಲ್ಲಿವರೆಗೆ ಹುರಿದೆ ಅಂತ ಬರೆಯಲ್ಲ. ರುಚಿಯೆಲ್ಲಾ ಇರೋದು ಆ "ಎಲ್ಲಿವರೆಗೆ" ಅನ್ನೋದ್ರಲ್ಲೇ.

ಮೊದಲು ಅಳತೆ ನೋಡೋಣ. ಅವಳ ಕಪ್ಪು ನಿಮ್ಮ ಕಪ್ಪು ಒಂದೇನಾ? ಅಂಗಡೀಲಿ ಸಿಗೋ ಅಳತೆ ಕಪ್ಪುಗಳಲ್ಲೇ ಕೆಲವು 240 ಎಂಎಲ್, ಕೆಲವು 250 ಎಂಎಲ್. ಟೇಬಲ್ ಚಮಚ ಸಾಮಾನ್ಯವಾಗಿ 15 ಎಂಎಲ್, ಆಸ್ಟ್ರೇಲಿಯಾದಲ್ಲಿ ಮಾತ್ರ 20 ಎಂಎಲ್. ಇನ್ನು ಮನೇಲಿರೋ ಕಾಫಿ ಲೋಟ, ಟೀ ಕಪ್ಪಿಗೆ ಲೆಕ್ಕವೇ ಇಲ್ಲ. ಉಪ್ಪಂತೂ ಇನ್ನೂ ಕಷ್ಟ, ಪುಡಿ ಉಪ್ಪು ಒಂದು ಟೀ ಚಮಚ ಅಂದ್ರೆ ಸುಮಾರು 6 ಗ್ರಾಂ ಬರತ್ತೆ, ಕಲ್ಲುಪ್ಪು ಅದೇ ಚಮಚಕ್ಕೆ ಕಮ್ಮಿ ಹಿಡಿಯತ್ತೆ, ಯಾಕಂದ್ರೆ ಹರಳಿನ ಮಧ್ಯೆ ಜಾಗ ಇರತ್ತೆ. ಇಬ್ಬರೂ ಒಂದೊಂದು ಚಮಚ ಅಂತಾನೇ ಹೇಳ್ತಾ ಇರ್ತೀರ, ಹಾಕ್ತಾ ಇರೋದು ಬೇರೆ ಬೇರೆ.

ಈಗ ಗಟ್ಟಿ ಆಗೋ ವಿಷಯ. ಅಕ್ಕಿಯೊಳಗಿನ ಪಿಷ್ಟ ಸುಮಾರು 60ರಿಂದ 80 ಡಿಗ್ರಿ ಬಿಸೀಲಿ ನೀರು ಕುಡಿದು ಉಬ್ಬತ್ತೆ, ಗಂಜಿ ಮಂದ ಆಗೋದು ಅದರಿಂದ. ಆದ್ರೆ ಕೆಲಸ ಅಲ್ಲಿಗೇ ಮುಗಿಯಲ್ಲ, ಒಲೆ ಆರಿಸಿದ ಮೇಲೂ ಕಾಳು ನೀರು ಎಳ್ಕೊಳ್ತಾನೇ ಇರತ್ತೆ, ಜೊತೆಗೆ ತಣ್ಣಗಾಗ್ತಾ ಪಿಷ್ಟ ಹೆಪ್ಪುಗಟ್ಟತ್ತೆ. ಹಾಗಾಗಿ ಒಲೆ ಮೇಲೆ ನೋಡಿದಾಗ ಕರೆಕ್ಟಾಗಿದೆ ಅನ್ಸೋ ಗಂಜಿ ತಟ್ಟೆಗೆ ಬರೋಷ್ಟರಲ್ಲಿ ಗಟ್ಟಿ ಆಗಿರತ್ತೆ. ಒಲೆ ಮೇಲಿದ್ದಾಗ ಸ್ವಲ್ಪ ತೆಳ್ಳಗಾಯ್ತೇನೋ ಅನ್ನಿಸ್ಬೇಕು, ಆಗ ಇಳಿಸ್ಬೇಕು.

ನಾನು ಹೇಳೋ ಥರ ಒಂದ್ಸಲ ಮಾಡಿ ನೋಡಿ. ಅಕ್ಕಿ 1 ಕಪ್, ಹೆಸರುಬೇಳೆ ಅರ್ಧ ಕಪ್, ನೀರು 7 ಕಪ್. ಬೇಳೆನ ಎಣ್ಣೆ ಹಾಕ್ದೇ ಸಣ್ಣ ಉರೀಲಿ ಹುರೀರಿ, ಬಣ್ಣ ನೋಡ್ಕೊಂಡು ಕೂತ್ರೆ ಲೇಟಾಗತ್ತೆ, ಮೂಗು ನಂಬಿ, ಹಸಿ ವಾಸನೆ ಹೋಗಿ ಒಂದು ಘಮ ಬಂದ ಕೂಡ್ಲೇ ಇಳಿಸಿ, ಅಲ್ಲಲ್ಲಿ ಒಂದೊಂದು ಕಾಳು ಮಾತ್ರ ಕೆಂಪಾಗಿರ್ಬೇಕು ಅಷ್ಟೇ. ಅಕ್ಕಿ ಬೇಳೆ ತೊಳೆದು ನೀರು ಹಾಕಿ ಕುಕ್ಕರಲ್ಲಿ ಮೆತ್ತಗೆ ಬೇಯಿಸಿ, ಪ್ರೆಶರ್ ತಾನಾಗೇ ಇಳಿಯೋಕೆ ಬಿಡಿ. ಸೌಟಿನ ಹಿಂಭಾಗದಲ್ಲಿ ಒಂಚೂರು ಮಸೆದು, ಪಕ್ಕದಲ್ಲಿ ಕುದಿಯೋ ನೀರು ಇಟ್ಕೊಂಡು ಬೇಕಾದಷ್ಟು ಸೇರಿಸಿ, ಸೌಟು ಎತ್ತಿದ್ರೆ ಧಾರೆ ಕಟ್ಟಿ ಬೀಳ್ಬೇಕು, ಮುದ್ದೆ ಮುದ್ದೆ ಆಗಿ ಬೀಳ್ಬಾರ್ದು. ತಣ್ಣೀರು ಹಾಕಿದ್ರೆ ನೀರು ಬೇರೆ ಗಂಜಿ ಬೇರೆ ಆಗಿ ನಿಲ್ಲತ್ತೆ, ಅದಕ್ಕೇ ಕುದಿಯೋ ನೀರು ಅಂದಿದ್ದು. ಉಪ್ಪು, ಒಂದು ಕೆಜಿ ಆಗೋಷ್ಟು ಗಂಜಿಗೆ 8ರಿಂದ 10 ಗ್ರಾಂ ಸಾಕು. ಕೊನೇಲಿ ತುಪ್ಪದಲ್ಲಿ ಜೀರಿಗೆ, ಜಜ್ಜಿದ ಮೆಣಸು, ಚೂರು ಶುಂಠಿ. ಜೀರಿಗೆ ಚಟಪಟ ಅಂದಾಗ ಶುಂಠಿ ಹಾಕಿ, ಶುಂಠಿಯ ಅಂಚು ಬಣ್ಣ ತಿರುಗೋ ಮುಂಚೆನೇ ಗಂಜಿ ಮೇಲೆ ಸುರೀರಿ.

ಆಮೇಲೆ ಇನ್ನೊಂದು ಮಾಡಿ, ಅವಳು ಗಂಜಿ ಮಾಡೋ ಹೊತ್ತಲ್ಲಿ ಒಂದ್ಸಲ ಪಕ್ಕದಲ್ಲಿ ನಿಂತ್ಕೊಳ್ಳಿ, ಆಗಲ್ಲ ಅಂದ್ರೆ ವಿಡಿಯೋ ಕಾಲಲ್ಲಿ ಫೋನು ಒಲೆ ಹತ್ರ ಇಟ್ಕೊಳ್ಳೋಕೆ ಹೇಳಿ. ಎಷ್ಟು ಹಾಕ್ತಾಳೆ ಅನ್ನೋದಕ್ಕಿಂತ ಯಾವಾಗ ನಿಲ್ಲಿಸ್ತಾಳೆ ಅನ್ನೋದು ನೋಡಿ. ನೀವೂ ಯಾರಿಗಾದ್ರೂ ರೆಸಿಪಿ ಕಳಿಸೋವಾಗ "5 ನಿಮಿಷ ಹುರೀರಿ" ಅನ್ನೋ ಜಾಗದಲ್ಲಿ ಯಾವ ವಾಸನೆ ಬರತ್ತೆ, ಯಾವ ಶಬ್ದ ನಿಲ್ಲತ್ತೆ, ಎಣ್ಣೆ ಅಂಚಲ್ಲಿ ಬಿಟ್ಕೊಳ್ಳತ್ತಾ ಇಲ್ವಾ ಅಂತ ಒಂದು ಸಾಲು ಸೇರಿಸಿ. ಒಲೆ ಒಂದೊಂದು ಮನೇಲಿ ಒಂದೊಂದು ಥರ ಉರಿಯತ್ತೆ, ಗುರುತು ಮಾತ್ರ ಎಲ್ಲಾ ಕಡೆ ಒಂದೇ.

ಪ್ರಶ್ನೆ: ರೂಮ್‌ಮೇಟ್‌ಗೆ ವಾಂತಿ ಭೇದಿ ಆಗಿ ಎರಡು ದಿನದಿಂದ ಮಲಗಿದ್ದಾನೆ. ಏನು ಮಾಡಿಕೊಟ್ರೂ ಬೇಡ ಅಂತಾನೆ. ಅವನಿಗೆ ಹಿತವಾಗೋ ಹಾಗೆ ಏನು ಮಾಡ್ಲಿ?

ಉತ್ತರ: ಊಟಕ್ಕಿಂತ ಮೊದಲು ನೀರು. ವಾಂತಿ ಭೇದೀಲಿ ದೇಹದಿಂದ ನೀರಿನ ಜೊತೆ ಉಪ್ಪಿನಂಶ ಎಲ್ಲಾ ಹೋಗಿರತ್ತೆ, ಬರೀ ನೀರು ಕುಡಿಸಿದ್ರೆ ಸಾಲಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗೋ ಓಆರ್‌ಎಸ್ ಪ್ಯಾಕೆಟ್ ಎಲ್ಲಕ್ಕಿಂತ ಒಳ್ಳೇದು, ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿಗೆ ಹಾಕಿ, ಕಮ್ಮಿ ನೀರಿಗೆ ಹಾಕಿ ಸ್ಟ್ರಾಂಗ್ ಮಾಡ್ಬೇಡಿ. ಅದು ಸಿಗೋವರೆಗೆ ಮನೇಲೇ ಮಾಡೋದಾದ್ರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎರಡೂ ತಲೆ ಸಮ ಮಾಡಿ ಅಳೀರಿ, ಗುಡ್ಡೆ ಮಾಡಿ ಹಾಕ್ಬಾರ್ದು. ಸಕ್ಕರೆ ಬರೀ ರುಚಿಗಲ್ಲ, ಕರುಳು ಉಪ್ಪನ್ನ ಒಳಗೆ ತಗೊಳ್ಳೋಕೆ ಗ್ಲೂಕೋಸ್ ಸಹಾಯ ಮಾಡತ್ತೆ, ಅದರ ಹಿಂದೆ ನೀರು ಹೋಗತ್ತೆ. ವಾಂತಿ ಇನ್ನೂ ಇದ್ರೆ ಲೋಟಗಟ್ಟಲೆ ಕೊಡ್ಬೇಡಿ, ಚಮಚದಲ್ಲಿ ಗುಟುಕು ಗುಟುಕಾಗಿ ಕೊಡಿ.

ತಿನ್ನೋಕೆ ಮನಸ್ಸಾದಾಗ ಮೇಲೆ ಹೇಳಿದ ಗಂಜೀನೇ, ಇನ್ನೂ ತೆಳ್ಳಗೆ, ತುಪ್ಪ ಮೆಣಸು ಬಿಟ್ಟು. ದೊಡ್ಡ ತಟ್ಟೆ ತುಂಬಾ ಹಾಕಿ ಎದುರಿಗೆ ಇಟ್ರೆ ಹುಷಾರಿಲ್ದೇ ಇರೋರಿಗೆ ನೋಡಿದ್ರೇ ಸಾಕಾಗತ್ತೆ, ಚಿಕ್ಕ ಬಟ್ಟಲಲ್ಲಿ ನಾಲ್ಕು ಚಮಚ ಕೊಡಿ, ಬೇಕು ಅಂದ್ರೆ ಮತ್ತೆ ಹಾಕಿದ್ರಾಯ್ತು. ಬಿಸಿ ತೀರಾ ಜಾಸ್ತಿ ಇದ್ರೆ ವಾಸನೆ ಏರತ್ತೆ, ವಾಕರಿಕೆ ಇರೋರಿಗೆ ಆಗಲ್ಲ, ಉಗುರು ಬೆಚ್ಚಗಿದ್ರೆ ಸಾಕು. ಮೂತ್ರ ತುಂಬಾ ಕಮ್ಮಿ ಆಗಿದ್ರೆ, ಮಲದಲ್ಲಿ ರಕ್ತ ಕಂಡ್ರೆ, ಎದ್ದು ನಿಂತ್ರೆ ತಲೆ ಸುತ್ತತ್ತೆ ಅಂದ್ರೆ, ಕುಡಿದಿದ್ದೆಲ್ಲಾ ಹೊರಗೆ ಬರ್ತಿದ್ರೆ ಕಾಯ್ಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಎರಡು ದಿನ ಆಗಿದೆ ಅಂತ ಬೇರೆ ಬರೆದಿದ್ದೀರ, ನನ್ನ ಕೇಳಿದ್ರೆ ಇವತ್ತೇ ಒಂದ್ಸಲ ತೋರಿಸಿಬಿಡಿ.

ಪ್ರಶ್ನೆ: ಮೇಡಂ, ನಾಲ್ಕು ಜನಕ್ಕೆ ಮಾಡೋ ತರಕಾರಿ ಪಲ್ಯ, ಗಂಜಿ, ಬೇಳೆ ಎಲ್ಲಾ ಚೆನ್ನಾಗಿ ಬರತ್ತೆ ನನಗೆ. ಸ್ನೇಹಿತರೆಲ್ಲಾ ಸೇರಿದಾಗ ಹನ್ನೆರಡು ಜನಕ್ಕೆ ಅಂತ ಎಲ್ಲಾನೂ ಮೂರರಷ್ಟು ಹಾಕಿದ್ರೆ ನೀರ್ ನೀರಾಗತ್ತೆ, ಉಪ್ಪು ಖಾರ ಏರತ್ತೆ. ಲೆಕ್ಕ ಸರಿ ಇದ್ರೂ ಯಾಕೆ ಹೀಗೆ?

ಉತ್ತರ: ಲೆಕ್ಕ ಸರಿ ಇದೆ, ಪಾತ್ರೆ ಲೆಕ್ಕಕ್ಕೆ ಬಂದಿಲ್ಲ. ನೀರು ಆವಿ ಆಗೋದು ಪಾತ್ರೆಯ ಬಾಯಿ ಎಷ್ಟು ಅಗಲ ಇದೆ, ಎಷ್ಟು ಹೊತ್ತು ಕುದಿಯತ್ತೆ ಅನ್ನೋದ್ರ ಮೇಲೆ, ಒಳಗೆ ಎಷ್ಟು ಪದಾರ್ಥ ಇದೆ ಅನ್ನೋದ್ರ ಮೇಲಲ್ಲ. ಮೂರರಷ್ಟು ಅಡುಗೆ ಹಾಕಿದ್ರಿ, ಪಾತ್ರೆ ಬಾಯಿ ಮೂರರಷ್ಟು ಅಗಲ ಆಗ್ಲಿಲ್ಲ ಅಲ್ವಾ, ಹಾಗಾಗಿ ಆವಿ ಆಗೋ ನೀರು ಮೂರರಷ್ಟು ಆಗಲ್ಲ, ಉಳಿದಿದ್ದು ಪಲ್ಯದಲ್ಲೇ ನಿಲ್ಲತ್ತೆ. ಮೂರರಷ್ಟು ಮಾಡೋವಾಗ ನೀರು ಎರಡೂಕಾಲು ಎರಡೂವರೆಯಷ್ಟರಿಂದ ಶುರು ಮಾಡಿ, ಸಾಲದಿದ್ರೆ ಬಿಸಿನೀರು ಸೇರಿಸಬಹುದು, ಜಾಸ್ತಿ ಆಗಿದ್ದನ್ನ ತೆಗೆಯೋದು ಕಷ್ಟ.

ಉಪ್ಪು ಖಾರ ಮೊದಲು ಎರಡರಷ್ಟು ಹಾಕಿ, ಎಲ್ಲಾ ಬೆಂದು ಮುಗಿದ ಮೇಲೆ ನಾಲಿಗೆ ಮೇಲೆ ಇಟ್ಟು ನೋಡ್ಕೊಂಡು ಸೇರಿಸಿ. ನೀರು ಕಮ್ಮಿ ಹಾಕಿದ್ದೀರ ಅಂದ್ಮೇಲೆ ಉಪ್ಪೂ ಕಮ್ಮಿ ಹಿಡಿಯತ್ತೆ. ಒಗ್ಗರಣೆ ಎಣ್ಣೆ ಅಂತೂ ಮೂರರಷ್ಟು ಬೇಕೇ ಇಲ್ಲ, ಸಾಸಿವೆ ಜೀರಿಗೆ ಮುಳುಗಿ ಸಿಡಿಯೋಷ್ಟು ಇದ್ರೆ ಆಯ್ತು.

ನೀರ್ ನೀರಾಗೋಕೆ ಇನ್ನೊಂದು ಕಾರಣ ಈರುಳ್ಳಿ. ಒಂದು ಕೆಜಿ ಈರುಳ್ಳಿ ಒಟ್ಟಿಗೆ ಬಾಣಲೆಗೆ ಸುರಿದ್ರೆ ಬಾಣಲೆಯ ಬಿಸಿ ಇಳಿದುಬಿಡತ್ತೆ, ಈರುಳ್ಳಿ ನೀರು ಬಿಡತ್ತೆ, ಆ ನೀರು ಇರೋವರೆಗೆ ಬಿಸಿ 100 ಡಿಗ್ರಿ ದಾಟಲ್ಲ, ಕೆಂಪಗಾಗಿ ಪರಿಮಳ ಬರ್ಬೇಕು ಅಂದ್ರೆ ಸುಮಾರು 140 ಡಿಗ್ರಿ ಆಸುಪಾಸು ಬೇಕು. ಹಾಗಾಗಿ ಅದು ಹುರಿಯಲ್ಲ, ಬೇಯತ್ತೆ. ಎರಡು ಮೂರು ಕಂತಲ್ಲಿ ಹುರ್ಕೊಳ್ಳಿ, ಹಿಂದಿನ ದಿನ ರಾತ್ರೀನೇ ಹುರಿದು ಫ್ರಿಜ್ಜಲ್ಲಿಟ್ರೂ ನಡೆಯತ್ತೆ, ನಿಜ ಹೇಳ್ಬೇಕು ಅಂದ್ರೆ ಜನ ಬರೋ ದಿನ ಅದೊಂದು ಕೆಲಸ ಮುಗಿದಿದ್ರೆ ಎಷ್ಟೋ ಹಗುರ ಅನ್ಸತ್ತೆ.

ಕುಕ್ಕರನ್ನ ಮಾತ್ರ ತುಂಬಿಸ್ಬೇಡಿ. ಅಕ್ಕಿ ಬೇಳೆ ಥರ ಉಬ್ಬಿ ನೊರೆ ಬರೋ ಪದಾರ್ಥ ನೀರೂ ಸೇರಿ ಅರ್ಧ ಕುಕ್ಕರ್ ದಾಟ್ಬಾರ್ದು, ನೊರೆ ಏರಿ ವೆಂಟ್ ಕಟ್ಕೊಂಡ್ರೆ ಅಪಾಯ. ಎರಡು ಸಲ ಬೇಯಿಸಿ, ಅರ್ಜೆಂಟು ಬೇಡ.

ಮತ್ತೆ ಉಪ್ಪು ಜಾಸ್ತಿ ಆದ್ರೆ ಆಲೂಗಡ್ಡೆ ಹಾಕಿ ಅಂತ ಎಲ್ಲಾರೂ ಹೇಳ್ತಾರಲ್ಲ, ಆಲೂಗಡ್ಡೆ ಉಪ್ಪನ್ನ ಮಾತ್ರ ಹುಡುಕಿ ಹೀರಲ್ಲ, ಉಪ್ಪು ನೀರನ್ನ ಹೀರತ್ತೆ, ಉಳಿದ ನೀರು ಅಷ್ಟೇ ಉಪ್ಪಾಗಿರತ್ತೆ. ಉಪ್ಪಿಲ್ಲದ ಬೇಯಿಸಿದ ಬೇಳೆಯೋ ನೀರೋ ತರಕಾರಿಯೋ ಸೇರಿಸಿ ಹಿಗ್ಗಿಸೋದೇ ದಾರಿ. ಖಾರ ಜಾಸ್ತಿ ಆಗಿದ್ರೆ ನೀರು ಕುಡಿದ್ರೆ ಇಳಿಯಲ್ಲ, ಮೆಣಸಿನಕಾಯಿಯ ಖಾರ ನೀರಲ್ಲಿ ಕರಗಲ್ಲ, ಜಿಡ್ಡಲ್ಲಿ ಕರಗತ್ತೆ, ಮೊಸರು ಹಾಲು ಪಕ್ಕದಲ್ಲಿಡಿ.

ಪ್ರಶ್ನೆ: ಟೊಮೆಟೊ ಸೂಪಿಗೆ ಹಾಲು ಹಾಕಿದ ಕೂಡ್ಲೇ ಒಡೆದು ಹೋಗತ್ತೆ. ಗೆಳತಿ ಮಾಡಿದ್ರೆ ನುಣ್ಣಗೆ ಇರತ್ತೆ. ಅವಳು ಅಂಗಡಿ ಕ್ರೀಮ್ ಹಾಕ್ತಾಳೆ, ನನಗೆ ಹಾಲಲ್ಲೇ ಮಾಡ್ಬೇಕು.

ಉತ್ತರ: ಹಾಲಲ್ಲೇ ಮಾಡಬಹುದು. ಟೊಮೆಟೊ ಹುಳಿ, ಹಾಲಿನ ಪ್ರೋಟೀನು ಹುಳಿ ಒಂದು ಮಟ್ಟ ದಾಟಿದ್ರೆ, ಅಂದ್ರೆ ಪಿಎಚ್ (ಹುಳಿ ಅಳೆಯೋ ಅಂಕಿ, ಹುಳಿ ಜಾಸ್ತಿ ಆದಷ್ಟೂ ಇದು ಇಳಿಯತ್ತೆ) 4.6ರ ಆಸುಪಾಸಿಗೆ ಬಂದ್ರೆ ಗಂಟು ಕಟ್ಟತ್ತೆ, ಬಿಸಿ ಜಾಸ್ತಿ ಇದ್ರೆ ಅದಕ್ಕಿಂತ ಮುಂಚೆನೇ ಒಡೆಯತ್ತೆ. ಕ್ರೀಮಲ್ಲಿ ಪ್ರೋಟೀನು ಕಮ್ಮಿ ಜಿಡ್ಡು ಜಾಸ್ತಿ, ಅದಕ್ಕೆ ಅದು ತಡ್ಕೊಳ್ಳತ್ತೆ. ಹಾಲನ್ನ ಮೊದಲು ಬೆಣ್ಣೆ ಮೈದಾ ಜೊತೆ ಕಾಯಿಸಿ ತೆಳ್ಳಗೆ ವೈಟ್ ಸಾಸ್ ಥರ ಮಾಡ್ಕೊಳ್ಳಿ, ಪಿಷ್ಟ ಮಧ್ಯೆ ಬಂದು ಪ್ರೋಟೀನು ಒಂದಕ್ಕೊಂದು ಅಂಟ್ಕೊಳ್ಳೋದನ್ನ ತಡೆಯತ್ತೆ. ಆಮೇಲೆ ಬಿಸಿ ಟೊಮೆಟೊ ರಸನ ಸ್ವಲ್ಪ ಸ್ವಲ್ಪವಾಗಿ ಹಾಲಿಗೆ ಹಾಕ್ತಾ ಕಲಸಿ. ಹಾಲನ್ನ ಟೊಮೆಟೊಗೆ ಸುರಿದ್ರೆ ಮೊದಲು ಬಿದ್ದ ಹಾಲಿಗೆ ಇಡೀ ಪಾತ್ರೆಯ ಹುಳಿ ಒಟ್ಟಿಗೆ ತಾಗತ್ತೆ. ಸೇರಿಸಿದ ಮೇಲೆ ಕುದಿಸ್ಬೇಡಿ, ಬಿಸಿ ಆದ್ರೆ ಸಾಕು, ಉಪ್ಪೂ ಕೊನೇಲೇ ಹಾಕಿ.

ಅದಕ್ಕೂ ಮುಂಚೆ ಟೊಮೆಟೊನ ಅರ್ಧ ಹೆಚ್ಚಿ ಬೆಳ್ಳುಳ್ಳಿ ಜೊತೆ ಬಾಣಲೇಲಿ ಕಪ್ಪು ಚುಕ್ಕೆ ಬರೋವರೆಗೆ ಬಾಡಿಸ್ಕೊಂಡ್ರೆ ಸೂಪಿಗೆ ಬೇರೇನೇ ಆಳ ಬರತ್ತೆ. ಹಣ್ಣಾದ ಟೊಮೆಟೊದಲ್ಲಿ ಗ್ಲುಟಮೇಟ್ ಅನ್ನೋ ರುಚಿ ಕೊಡೋ ಅಂಶ ತಾನಾಗೇ ಜಾಸ್ತಿ ಇರತ್ತೆ, ಉಪ್ಪು ಹುಳಿ ಸಿಹಿ ಕಹಿ ಬಿಟ್ಟು ಇನ್ನೊಂದು ರುಚಿ ಇದೆ ಅಂತ 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಹೆಸರಿಟ್ಟ ಉಮಾಮಿ ಅದರದ್ದೇ. ಕಾಯಿ ಟೊಮೆಟೊದಲ್ಲಿ ಅದು ಕಮ್ಮಿ, ಹಾಗಾಗಿ ಸೂಪಿಗೆ ಅಂತ ಮೆತ್ತಗಾಗಿ ಒತ್ತಿದ್ರೆ ತಗ್ಗು ಬೀಳೋ ಹಣ್ಣನ್ನೇ ಎತ್ತಿಡಿ.

ಪ್ರಶ್ನೆ: ಬೇರೆ ಊರಿಗೆ ಶಿಫ್ಟ್ ಆದ್ಮೇಲೆ ಬೇಳೆ ಬೇಯೋದೇ ಇಲ್ಲ, ಸ್ನೇಹಿತೆ ಹೇಳಿದ ಹಾಗೇ ನೆನೆಸಿ ಹಾಕ್ತೀನಿ. ಉಪ್ಪು ಮೊದಲೇ ಹಾಕೋದು ತಪ್ಪಾ? ರಾಜ್ಮಾನೂ ಹೀಗೇ ಆಗತ್ತೆ, ಸ್ಲೋ ಕುಕ್ಕರಲ್ಲಿ ರಾತ್ರಿಯೆಲ್ಲಾ ಇಡ್ಲಾ?

ಉತ್ತರ: ಕೊನೇದನ್ನ ಮೊದಲು ಹೇಳ್ತೀನಿ, ಹಸಿ ರಾಜ್ಮಾನ ನೇರವಾಗಿ ಸ್ಲೋ ಕುಕ್ಕರಿಗೆ ದಯವಿಟ್ಟು ಹಾಕ್ಬೇಡಿ. ಅದರಲ್ಲಿ ಲೆಕ್ಟಿನ್ ಅಂತ ಒಂದು ವಿಷದ ಅಂಶ ಇದೆ, ಸರಿಯಾಗಿ ಕುದಿಸದೇ ಇದ್ರೆ ಕೆಲವೇ ಕಾಳಿಗೂ ವಾಂತಿ ಭೇದಿ ಹಿಡಿಯತ್ತೆ. ಸ್ಲೋ ಕುಕ್ಕರಿನ ಸಣ್ಣ ಬಿಸಿ ಅದನ್ನ ಹಾಳು ಮಾಡಲ್ಲ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಗುಳುಗುಳು ಅಂತ ಕನಿಷ್ಠ 10 ನಿಮಿಷ ಕುದಿಸಿ, ಆಮೇಲೆ ಬೇಕಾದ್ರೆ ಯಾವುದರಲ್ಲಾದ್ರೂ ಬೇಯಿಸಿ. ಪ್ರೆಶರ್ ಕುಕ್ಕರಾದ್ರೆ ಈ ಚಿಂತೆ ಇಲ್ಲ, ಪೂರ್ತಿ ಪ್ರೆಶರಲ್ಲಿ ಒಳಗಿನ ಬಿಸಿ ಸುಮಾರು 120 ಡಿಗ್ರಿ ಮುಟ್ಟತ್ತೆ, ಮೆತ್ತಗೆ ಬೆಂದಿದೆಯಾ ನೋಡ್ಕೊಳ್ಳಿ ಅಷ್ಟೇ.

ಬೇಳೆ ವಿಷಯ, ಊರು ಬದಲಾದ್ಮೇಲೆ ಶುರುವಾಗಿದೆ ಅಂದ್ರೆ ನೀರಿನ ಮೇಲೆ ಅನುಮಾನ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳ ಮಧ್ಯೆ ಅಂಟಿನ ಥರ ಇರೋ ಪೆಕ್ಟಿನ್ನನ್ನ ಇನ್ನೂ ಬಿಗಿ ಮಾಡತ್ತೆ. ಫಿಲ್ಟರ್ ನೀರಲ್ಲಿ ಒಂದು ಹಿಡಿ ಬೇಳೆ ಬೇಯಿಸಿ ನೋಡಿ, ಬೇಗ ಬೆಂದ್ರೆ ಉತ್ತರ ಸಿಕ್ತು. ಉಪ್ಪಿಂದ ತೊಂದರೆ ಇಲ್ಲ, ಕಾಳನ್ನ ಉಪ್ಪು ನೀರಲ್ಲಿ ನೆನೆಸಿದ್ರೆ ಸಿಪ್ಪೆ ಇನ್ನೂ ಮೆತ್ತಗಾಗತ್ತೆ. ತೊಂದರೆ ಕೊಡೋದು ಹುಳಿ, ಹುಣಸೆಹಣ್ಣು, ಟೊಮೆಟೊ, ನಿಂಬೆ ಎಲ್ಲಾ ಬೇಳೆ ಪೂರ್ತಿ ಬೆಂದ ಮೇಲೇ. ಊರು ಎತ್ತರದಲ್ಲಿದ್ರೆ ಅದೂ ಒಂದು ಕಾರಣ, 300 ಮೀಟರ್ ಮೇಲೆ ಹೋದಂತೆ ನೀರು ಕುದಿಯೋ ಬಿಸಿ ಸುಮಾರು 1 ಡಿಗ್ರಿ ಇಳಿಯತ್ತೆ. ಡಬ್ಬೀಲಿ ವರ್ಷಗಟ್ಟಲೆ ಇದ್ದ ಬೇಳೆ ಆದ್ರೆ ಏನು ಮಾಡಿದ್ರೂ ಗಟ್ಟೀನೇ.

ಪ್ರಶ್ನೆ: ಅಕ್ಕಾ, ನನ್ನ ಪ್ರಾಣ ಸ್ನೇಹಿತೆಯ ಅಮ್ಮ ತೀರಿಕೊಂಡ್ರು. ಓದೋ ದಿನಗಳಲ್ಲಿ ಅವರ ಮನೇಲಿ ನಮಗೆಲ್ಲಾ ಒಂದು ಆಲೂಗಡ್ಡೆ ಪಲ್ಯ ಮಾಡಿ ಬಡಿಸ್ತಿದ್ರು, ಅದರ ರುಚಿ ಇವತ್ತಿಗೂ ಬಾಯಲ್ಲಿದೆ. ಯಾರೂ ಬರೆದಿಟ್ಕೊಂಡಿಲ್ಲ. ಅದನ್ನ ಮಾಡಿ ಅವಳಿಗೆ ಕೊಡ್ಬೇಕು ಅಂತ ಆಸೆ, ಆದ್ರೆ ಅದೇ ಥರ ಬರ್ದೇ ಇದ್ರೆ ಅವಳಿಗೆ ಇನ್ನೂ ಬೇಜಾರಾಗತ್ತೇನೋ ಅಂತ ಭಯ.

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ಮಾಡಿ, ಖಂಡಿತ ಮಾಡಿ, ಆದ್ರೆ ಮಾಡಿಕೊಂಡು ಹೋಗಿ ಕೊಡೋದಕ್ಕಿಂತ ಅವಳ ಜೊತೆ ಕೂತು ಮಾಡಿ ಅಂತ ನನ್ನ ಸಲಹೆ, ಅವಳು ಸರಿ ಅಂದ್ರೆ ಮಾತ್ರ, ಈಗಲೇ ಬೇಡ ಅಂದ್ರೆ ಒತ್ತಾಯ ಮಾಡ್ಬೇಡಿ, ಇನ್ನೊಂದು ದಿನ ಕೇಳಿ. ನೀವು ಒಬ್ರೇ ಮಾಡಿ ತಗೊಂಡು ಹೋದ್ರೆ ಅದು ಸರಿ ಇದೆಯಾ ತಪ್ಪಿದೆಯಾ ಅಂತ ಅವಳು ತೀರ್ಪು ಕೊಡೋ ಹಾಗಾಗತ್ತೆ. ಇಬ್ರೂ ಸೇರಿ ಹುಡುಕಿದ್ರೆ ತಪ್ಪಿದ್ದೂ ಹುಡುಕಾಟದ ಭಾಗ ಆಗತ್ತೆ, ಮಧ್ಯೆ ಅಮ್ಮನ ಮಾತು ಬರತ್ತೆ, ಅಳು ಬಂದ್ರೆ ಅಳ್ಳಿ.

ಹೇಗೆ ಹುಡುಕೋದು? ರೆಸಿಪಿ ನೆನಪಿದೆಯಾ ಅಂತ ಕೇಳಿದ್ರೆ ಇಲ್ಲ ಅಂತಾರೆ. ಚಿಕ್ಕ ಚಿಕ್ಕದಾಗಿ ಕೇಳಿ. ಪಲ್ಯ ಯಾವ ಪಾತ್ರೇಲಿ ಇರ್ತಿತ್ತು, ಕಬ್ಬಿಣದ ಬಾಣಲೇನಾ ಬೇರೆದಾ? ಹಳದಿ ಇತ್ತಾ, ಕೆಂಪಾ, ಕಂದಾ? ಆಲೂಗಡ್ಡೆ ಹೋಳಾಗಿ ನಿಂತಿತ್ತಾ ಅಥವಾ ಅಂಚು ಪುಡಿಪುಡಿ ಆಗಿರ್ತಿತ್ತಾ? ಕೈಗೆ ಎಣ್ಣೆ ಅಂಟ್ತಿತ್ತಾ? ತಿಂದ ಮೇಲೆ ಬಾಯಲ್ಲಿ ಉಳೀತಿದ್ದದ್ದು ಹುಳಿನಾ, ಬೆಳ್ಳುಳ್ಳಿನಾ? ಒಗ್ಗರಣೆ ಹಾಕೋವಾಗ ಕೆಮ್ಮು ಬರ್ತಿತ್ತಾ, ಬರ್ತಿತ್ತು ಅಂದ್ರೆ ಒಣಮೆಣಸಿನಕಾಯಿ. ಮೂಗಿನಿಂದ ಮಿದುಳಿಗೆ ಹೋಗೋ ದಾರಿ ನೆನಪು ಮತ್ತೆ ಭಾವನೆಯ ಭಾಗಗಳಿಗೆ ತುಂಬಾ ಹತ್ತಿರ, ಅದಕ್ಕೆ ಒಂದು ವಾಸನೆ ಬಂದ ಕೂಡ್ಲೇ ಮರೆತೇ ಹೋಗಿದ್ದ ಅಡುಗೆಮನೆ ಕಣ್ಣ ಮುಂದೆ ಬರತ್ತೆ. ಹಾಗಾಗಿ ಮಸಾಲೆ ಡಬ್ಬಿ ಒಂದೊಂದಾಗಿ ತೆಗೆದು ಬಿಸಿ ಎಣ್ಣೇಲಿ ಚೂರು ಚೂರು ಹಾಕಿ ಅವಳಿಗೆ ಮೂಸಿ ನೋಡೋಕೆ ಹೇಳಿ, ಇದಿತ್ತು ಇದಿರ್ಲಿಲ್ಲ ಅಂತ ಅವಳೇ ಹೇಳ್ತಾ ಹೋಗ್ತಾಳೆ.

ಉತ್ತರದಿಂದ ಅಡುಗೆಗೆ ಬರೋದು ಹೀಗೆ. ಅಂಚು ಪುಡಿಯಾಗಿ ಮಸಾಲೆ ಹಿಡಿದಿತ್ತು ಅಂದ್ರೆ ಹಿಟ್ಟು ಹಿಟ್ಟಾಗೋ ಹಳೇ ಆಲೂಗಡ್ಡೆ, ತಣ್ಣೀರಲ್ಲಿ ಇಟ್ಟು ಬೇಯಿಸಿ, ಸಿಪ್ಪೆ ಸುಲಿದು ಕೈಯಲ್ಲೇ ಮುರೀರಿ. ಹೋಳು ನೀಟಾಗಿತ್ತು ಅಂದ್ರೆ ಎಳೇ ಆಲೂಗಡ್ಡೆ, ಹಸೀದನ್ನೇ ಹೆಚ್ಚಿ ಹುರಿದಿರ್ತಾರೆ, ಇಲ್ಲಾ ಹುಳಿ ಮೊದಲೇ ಹಾಕಿರ್ತಾರೆ, ಹುಳಿ ಆಲೂಗಡ್ಡೆಯನ್ನೂ ಕರಗೋಕೆ ಬಿಡಲ್ಲ. ಕೆಂಪು ಗರಿ ಇತ್ತಾ? ಹಾಗಾದ್ರೆ ಹೋಳುಗಳನ್ನ ತೊಳೆದು ಬಟ್ಟೇಲಿ ಒರೆಸಿ ಒಣಗಿಸಿ, ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದೇ ಪದರ ಹರಡಿ, ಕೈ ಕಟ್ಕೊಂಡು ನಿಲ್ಲಿ, ಪದೇ ಪದೇ ತಿರುವಿದ್ರೆ ಕೆಂಪಾಗಲ್ಲ. ತಳದಿಂದ ಹೋಳು ತಾನಾಗೇ ಬಿಟ್ಕೊಂಡು ಜಾರೋಕೆ ಶುರುವಾದಾಗ ತಿರುವಿ. ಉಪ್ಪು ಕೊನೇಲಿ, ಮೊದಲೇ ಹಾಕಿದ್ರೆ ನೀರು ಬಿಡತ್ತೆ. ಫ್ರಿಜ್ಜಲ್ಲಿಟ್ಟ ಆಲೂಗಡ್ಡೆ ಬೇಡ, ಅಲ್ಲಿ ಅದರ ಪಿಷ್ಟ ಸಕ್ಕರೆ ಆಗತ್ತೆ, ಬೇಗ ಕಪ್ಪಾಗತ್ತೆ, ಸಿಹಿ ಹೊಡೆಯತ್ತೆ.

ಒಂದೇ ದಿನ ಸರಿಹೋಗತ್ತೆ ಅಂತ ಅಂದ್ಕೊಳ್ಬೇಡಿ. ಪ್ರತೀ ಸಲ ಒಂದೇ ಒಂದು ಬದಲಾವಣೆ ಮಾಡಿ, ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಹತ್ತಿರ ಬಂತು ಅಂತ ಗೊತ್ತಾಗಲ್ಲ. ಅವತ್ತವತ್ತೇ ಬರೆದಿಡಿ, ಅವಳ ಮಾತಲ್ಲೇ ಬರೀರಿ, "ಅಮ್ಮಂದು ಇದಕ್ಕಿಂತ ಸ್ವಲ್ಪ ಒಣ ಇತ್ತು" ಅಂದ್ರೆ ಹಾಗೇ ಬರೀರಿ. ಜೊತೆಗೆ ಊಟ ಮಾಡ್ತಿದ್ದ ಉಳಿದ ಗೆಳತಿಯರನ್ನೂ ಕೇಳಿ, ಯಾರಿಗಾದ್ರೂ ಒಬ್ರಿಗೆ ಅವರು ಏನು ಸಿಂಪಡಿಸ್ತಿದ್ರು ಅಂತ ಕಣ್ಣಲ್ಲಿ ಕಂಡ ನೆನಪು ಇದ್ದೇ ಇರತ್ತೆ.

ಪ್ರಶ್ನೆ: ಬೆಳಿಗ್ಗೆ ಅನ್ನ ಮಾಡಿ ಡಬ್ಬಿಗೆ ಹಾಕಿ ಸಂಜೆ ಆಸ್ಪತ್ರೇಲಿರೋ ಸ್ನೇಹಿತನಿಗೆ ಕೊಟ್ರೆ ಆಗತ್ತಾ? ಅಲ್ಲಿ ಮತ್ತೆ ಬಿಸಿ ಮಾಡ್ತಾರೆ.

ಉತ್ತರ: ಹೊರಗಡೆ ಇಟ್ಟಿದ್ರೆ ಬೇಡ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಬೇಯಿಸಿದ್ರೂ ಸಾಯಲ್ಲ, ಅನ್ನ ಬೆಚ್ಚಗೆ ಕೂತ್ರೆ ಬೆಳೆದು ವಿಷ ಬಿಡತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. 5ರಿಂದ 60 ಡಿಗ್ರಿ ಮಧ್ಯೆ ಯಾವ ಅಡುಗೆನೂ 2 ಗಂಟೆಗಿಂತ ಜಾಸ್ತಿ ಇರ್ಬಾರ್ದು, 32 ಡಿಗ್ರಿ ಮೇಲಿನ ಸೆಕೆ ಇದ್ರೆ 1 ಗಂಟೆ. ಸಂಜೆ ಹೋಗೋ ಮುಂಚೆ ಮಾಡಿ, ಕುದಿಯೋ ನೀರು ಹಾಕಿ ಬಿಸಿ ಮಾಡ್ಕೊಂಡ ಫ್ಲಾಸ್ಕಿಗೆ ಗಂಜಿ ತುಂಬ್ಕೊಂಡು ಹೋಗಿ. ಬೆಳಿಗ್ಗೇನೇ ಮಾಡೋದು ಅನಿವಾರ್ಯ ಅಂದ್ರೆ ಅಗಲ ತಟ್ಟೇಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗಿಡಿ, ತಣ್ಣಗಿರೋ ಹಾಗೇ ತಗೊಂಡು ಹೋಗಿ ಅಲ್ಲಿ ಹಬೆ ಏಳೋವರೆಗೆ ಒಂದೇ ಸಲ ಬಿಸಿ ಮಾಡ್ಲಿ, ಉಳಿದಿದ್ದು ಚೆಲ್ಲಲಿ. ಡಾಕ್ಟರ್ ಪಥ್ಯ ಏನಾದ್ರೂ ಹೇಳಿದ್ದಾರಾ ಅಂತ ಮೊದಲು ಕೇಳ್ಕೊಳ್ಳಿ, ಕಿಡ್ನಿ, ಶುಗರ್, ಬಿಪಿ ಇರೋರಿಗೆ ಉಪ್ಪು ಬೇಳೆ ಎಲ್ಲಾ ಲೆಕ್ಕ ಇರತ್ತೆ.

ಪ್ರಶ್ನೆ: ಫ್ರೆಂಡ್ ಮಗುಗೆ ಹತ್ತು ತಿಂಗಳು, ನಾನು ಮಾಡೋ ಗಂಜಿಗೆ ಸಕ್ಕರೆ ಬದಲು ಜೇನುತುಪ್ಪ ಹಾಕಿ ಕೊಡ್ಲಾ? ಬೇಯಿಸೋವಾಗಲೇ ಹಾಕ್ತೀನಿ.

ಉತ್ತರ: ಬೇಡ, ಒಂದು ವರ್ಷ ತುಂಬೋವರೆಗೆ ಜೇನು ಒಂದು ತೊಟ್ಟೂ ಬೇಡ. ಅದರಲ್ಲಿರಬಹುದಾದ, ಬೊಟುಲಿಸಂ ಅನ್ನೋ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಾಣು ದೊಡ್ಡೋರ ಹೊಟ್ಟೇಲಿ ಏನೂ ಮಾಡಲ್ಲ, ಎಳೇ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡಬಹುದು, ಮನೆ ಒಲೆಯ ಬಿಸಿಗೆ ಅದು ಸಾಯಲ್ಲ. ಸಕ್ಕರೆನೂ ಬೇಡ, ಉಪ್ಪೂ ಬೇಡ. ಚೆನ್ನಾಗಿ ಹಣ್ಣಾದ ಬಾಳೆಹಣ್ಣು ನುಣ್ಣಗೆ ಮಸೆದು ಗಂಜಿಗೆ ಕಲಸಿ, ಮಗುವಿನ ಅಮ್ಮನನ್ನ ಕೇಳಿ ಎರಡು ಚಮಚ ತಿನ್ನಿಸಿ.